ಹಾಲು ಒಗ್ಗದ ಹಸುಳೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಊರುಗಳಲ್ಲಿ ಬೆಳಗಾಗುವುದೇ ಹಾಲಿನ ಡೇರಿಯತ್ತ ಹೊರಟ ಕ್ಯಾನುಗಳ ಸದ್ದಿನಿಂದ. ಹೊಗೆಸೊಪ್ಪು ಬೆಳೆಯುವವರಿರಲಿ, ನಾಲೆಯ ನೀರಿನಲ್ಲಿ ಭತ್ತ ಬೆಳೆಯುವವರಿರಲಿ, ಬಹುಪಾಲು ಮನೆಗಳ ಕೊಟ್ಟಿಗೆಯಲ್ಲಿ ಕರೆಯುವ ಹಸುವೊಂದಿರುತ್ತದೆ. ಇಂತಹ ಮನೆಯಲ್ಲಿ ಹುಟ್ಟಿದ ಕೂಸಿಗೆ ಹಾಲೇ ಒಗ್ಗದೆಂದರೆ ಹಿರಿಯರು ನಂಬುವುದಾದರೂ ಹೇಗೆ?

ಅಂತಹ ಹಸುಳೆಯೊಂದನ್ನು ನಮ್ಮ ಬಂಧುಗಳ ಮನೆಯಲ್ಲಿ ನಾವೇ ಕಂಡೆವು. ಆರು ತಿಂಗಳು ತುಂಬಿ ಹಸುವಿನ ಹಾಲು ಕೊಡತೊಡಗಿದ ಮೇಲೆ ಕೆನ್ನೆ, ಮೊಣಕೈಗಳಲ್ಲಿದ್ದ ಇಸುಬು ಕೆಂಪೇರಿ ಒಸರತೊಡಗಿತು. ಹಾಲು ಕುಡಿದ ಸ್ವಲ್ಪ ಹೊತ್ತಿಗೆ ತುಟಿಯ ಸುತ್ತ ದದ್ದು, ವಾಂತಿ. ಅಜ್ಜಿ ದೃಷ್ಟಿ ತೆಗೆದರು, ಹಾಲಿಗೆ ನೀರು ಬೆರೆಸಿದರು. ಮೇಕೆಯ ಹಾಲು ತರಿಸಿರೆಂದು ಹೇಳಿದವರಲ್ಲಿ ನಾವೂ ಇದ್ದೆವು. ಅದೂ ಸೇರದಾದಾಗ ಎಲ್ಲವನ್ನೂ ಬಿಡಿಸಿ ಗಂಜಿಯ ತಿಳಿಯನ್ನೇ ಕುಡಿಸಿದರು. ದದ್ದು ಇಳಿಯಿತು; ಅದರೊಡನೆ ಮಗುವಿನ ತೂಕವೂ ಇಳಿಯಿತು. ಮಕ್ಕಳ ವೈದ್ಯರ ಬಳಿಗೆ ಹೋಗುವ ವೇಳೆಗೆ ಎರಡು ತಿಂಗಳು ಕಳೆದಿದ್ದವು. ಆ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ತಿಳಿವಳಿಕೆ ತಡವಾಗಿ ಬಂತು. ಅಂದು ನಾವು ಕಲಿತದ್ದನ್ನು ಇಂದು ಓದುಗರ ಮುಂದಿಡುತ್ತಿದ್ದೇವೆ.

ಹಾಲಿನಲ್ಲಿರುವ ಕೇಸೀನ್ ಮೊದಲಾದ ಪ್ರೋಟೀನುಗಳನ್ನು ಕೆಲವು ಶಿಶುಗಳ ದೇಹವು ಶತ್ರುವೆಂದೇ ಬಗೆದು ಎದುರಿಸುತ್ತದೆ. ಇದೇ ಹಾಲಿನ ಅಲರ್ಜಿ. ನೀರು ಬೆರೆಸಿದರೆ ಹಾಲು ತೆಳುವಾಗುತ್ತದೆಯೇ ಹೊರತು ಪ್ರೋಟೀನು ಇಲ್ಲವಾಗುವುದಿಲ್ಲ; ಕುದಿಸಿದರೂ ಕೇಸೀನ್ ಉಳಿಯುತ್ತದೆ. ಮೇಕೆ, ಎಮ್ಮೆಗಳ ಹಾಲಿನ ಪ್ರೋಟೀನು ಹಸುವಿನದಕ್ಕೆ ಬಹಳ ಹತ್ತಿರವಾದುದರಿಂದ ಅವೂ ಸಾಮಾನ್ಯವಾಗಿ ಒಗ್ಗುವುದಿಲ್ಲ. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿದ್ದು ನಮ್ಮ ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೇ. ಆದರೆ ಡಬ್ಬಿಯ ಸಾಮಾನ್ಯ ಹಾಲಿನ ಪುಡಿಯೂ ಹಾಲೇ ಎಂಬುದನ್ನು ಮರೆಯಬಾರದು.

ಇಸುಬು ಬಂದ ಮಕ್ಕಳಿಗೆಲ್ಲ ಹಾಲೇ ಕಾರಣವೆಂದು ತಿಳಿಯುವುದೂ ತಪ್ಪು. ವೈದ್ಯರು ಎರಡರಿಂದ ನಾಲ್ಕು ವಾರ ಹಾಲು ನಿಲ್ಲಿಸಿ, ಬಳಿಕ ತಮ್ಮ ಕಣ್ಣೆದುರಿಗೆ ಮತ್ತೆ ಕೊಟ್ಟು ನಿರ್ಧರಿಸುವುದುಂಟು. ಮನೆಯವರು ತಾವಾಗಿಯೇ ತೀರ್ಮಾನಿಸಬಾರದು.

ಹಾಗಾದರೆ ಕೊಡುವುದೇನು? ಮೊದಲನೆಯದು ತಾಯಿಯ ಹಾಲು. ಒಂದು ವರ್ಷ ತುಂಬುವವರೆಗೆ ಯಾವ ಮಗುವಿಗೂ ಹಸುವಿನ ಹಾಲನ್ನು ಮುಖ್ಯ ಪಾನೀಯವಾಗಿ ಕೊಡಬಾರದೆಂದೇ ವೈದ್ಯರ ಮಾತು. ತಾಯಿಯ ಹಾಲು ಸಾಲದಾದರೆ ಪ್ರೋಟೀನನ್ನು ಸಣ್ಣ ಚೂರುಗಳಾಗಿ ಒಡೆದು ತಯಾರಿಸಿದ ವಿಶೇಷ ಪುಡಿಗಳಿವೆ. ಬೆಲೆ ಹೆಚ್ಚು, ವೈದ್ಯರ ಚೀಟಿ ಬೇಕು. ಆರು ತಿಂಗಳ ನಂತರ ಶಿಶುಗಳಿಗೆಂದೇ ಮಾಡಿದ ಸೋಯಾ ಪುಡಿಯನ್ನೂ ಕೆಲವರಿಗೆ ಹೇಳುವುದುಂಟು, ಆದರೆ ಕೆಲವು ಮಕ್ಕಳಿಗೆ ಅದೂ ಒಗ್ಗದು. ಅಂಗಡಿಯ ಸೋಯಾ ಹಾಲು, ಬಾದಾಮಿ ಹಾಲು, ತೆಂಗಿನ ಹಾಲು, ಗಂಜಿಯ ತಿಳಿ ಇವೆಲ್ಲ ಬಣ್ಣದಲ್ಲಿ ಬೆಳ್ಳಗಿದ್ದರೂ ಶಿಶುವಿನ ಹಾಲಿನ ಸ್ಥಾನವನ್ನು ತುಂಬಲಾರವು.

ಇಲ್ಲಿ ನಮ್ಮ ಮನೆಗಳ ಮಟ್ಟಿಗೆ ಮುಖ್ಯವಾದ ಮಾತೊಂದಿದೆ. ಕೆಲವೊಮ್ಮೆ ತಾಯಿ ಕುಡಿದ ಹಾಲಿನ ಅಂಶ ಎದೆಹಾಲಿನ ಮೂಲಕ ಮಗುವನ್ನು ಸೇರುವುದರಿಂದ ತಾಯಿಯೂ ಹಾಲು, ಮೊಸರು, ತುಪ್ಪ ಬಿಡಬೇಕೆಂದು ವೈದ್ಯರು ಹೇಳಬಹುದು. ಸಸ್ಯಾಹಾರಿಗಳಾದ ನಮಗೆ ಬಿ12 ಜೀವಸತ್ವ ದೊರೆಯುವುದು ಬಹುಮಟ್ಟಿಗೆ ಹಾಲಿನಿಂದಲೇ. ಬಾಣಂತಿಯಲ್ಲಿ ಅದು ಕಡಿಮೆಯಾದರೆ ಎದೆಹಾಲು ಕುಡಿಯುವ ಮಗುವಿಗೆ ರಕ್ತಹೀನತೆ ಬರುತ್ತದೆ, ಮಿದುಳಿನ ಬೆಳವಣಿಗೆಯೂ ಕುಂಠಿತವಾಗುತ್ತದೆ. ಆದ್ದರಿಂದ ಹಾಲು ಬಿಟ್ಟ ತಾಯಿ ಬಿ12 ಮತ್ತು ಸುಣ್ಣದಂಶದ ಮಾತ್ರೆಗಳನ್ನು ವೈದ್ಯರಿಂದ ಕೇಳಿ ಪಡೆಯಲೇಬೇಕು. ಪಥ್ಯದ ಹೆಸರಿನಲ್ಲಿ ಆಕೆಗೆ ತೊಗರಿ, ಹೆಸರು, ಅವರೆ, ಸೊಪ್ಪುಗಳನ್ನು ತಪ್ಪಿಸುವುದು ಮಗುವಿಗೂ ತಾಯಿಗೂ ಮಾಡುವ ಅನ್ಯಾಯ.

ಆರು ತಿಂಗಳ ನಂತರ ನಮ್ಮ ನೆಲದ ರಾಗಿ ನೆರವಿಗೆ ಬರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದರೆ ಸರಿಹಿಟ್ಟು ಸಿದ್ಧ. ಮೊಳಕೆಯಿಂದ ಸರಿ ತೆಳುವಾಗಿ ಬೇಯುತ್ತದೆ, ಸತ್ವವೂ ಸುಲಭವಾಗಿ ಮೈಗೆ ಹತ್ತುತ್ತದೆ. ನೀರಿನಲ್ಲಿ ಬೇಯಿಸಿ, ನುಣ್ಣಗೆ ಬೆಂದ ಹೆಸರುಬೇಳೆ ಬೆರೆಸಿ ತಿನ್ನಿಸಬಹುದು. ಇದು ಊಟವೇ ಹೊರತು ಹಾಲಿಗೆ ಬದಲಿಯಲ್ಲ.

ಚರ್ಮದ ಆರೈಕೆಯಲ್ಲಿಯೂ ಎಚ್ಚರ ಬೇಕು. ಇಸುಬಿರುವ ಮೈಗೆ ಹಾಲಿನ ಕೆನೆ ಹಚ್ಚಿ ಕಡಲೆಹಿಟ್ಟಿನಿಂದ ಉಜ್ಜುವ ರೂಢಿಯನ್ನು ಬಿಡಬೇಕು. ಬಿರಿದ ಚರ್ಮದ ಮೂಲಕ ಆಹಾರದ ಪ್ರೋಟೀನು ಒಳಸೇರಿದರೆ ಅಲರ್ಜಿ ಹುಟ್ಟಬಹುದೆಂದು ಸಂಶೋಧಕರು ಹೇಳುತ್ತಾರೆ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗನೆ ಮೀಯಿಸಿ, ಮೈ ಒದ್ದೆಯಿರುವಾಗಲೇ ವೈದ್ಯರು ಹೇಳಿದ ಮುಲಾಮನ್ನು ಸವರಬೇಕು.

ಹೊರಗಿನ ಊಟದಲ್ಲಿ ಹಾಲು ಅಡಗಿರುತ್ತದೆ. ಬಿಸ್ಕತ್ತು, ರಸ್ಕುಗಳ ಪೊಟ್ಟಣದ ಮೇಲಿನ ಬರಹವನ್ನು ಓದಬೇಕು. ಜಾತ್ರೆಯಲ್ಲಿ ಪಂಚಾಮೃತವನ್ನು ಕೂಸಿನ ಬಾಯಿಗೆ ಹಾಕಲು ಹಿರಿಯರು ಮುಂದಾದರೆ ವಿನಯದಿಂದ ತಡೆಯಬೇಕು; ಹಣೆಗೆ ವಿಭೂತಿ ಹಚ್ಚಿದರೂ ಅದು ಆಶೀರ್ವಾದವೇ ತಾನೆ? ಅದರಲ್ಲಿರುವ ಜೇನುತುಪ್ಪವಂತೂ ವರ್ಷ ತುಂಬದ ಯಾವ ಮಗುವಿಗೂ ಸಲ್ಲದು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲು ಅಂಗನವಾಡಿಯಲ್ಲಿ ಮಗುವಿಗೆ ದೊರೆಯುವ ಮೊದಲೇ ಕಾರ್ಯಕರ್ತೆಗೆ ತಿಳಿಸಿರಬೇಕು. ತುಟಿ, ಮುಖ ಊದಿ ಉಸಿರು ಕಟ್ಟಿದರೆ, ಮಗು ಸೋತು ಜೋತುಬಿದ್ದರೆ ಮನೆಮದ್ದಿಗೆ ನಿಲ್ಲದೆ 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಧಾವಿಸಬೇಕು.

ಹೆಚ್ಚಿನ ಮಕ್ಕಳಲ್ಲಿ ಈ ತೊಂದರೆ ಮೂರರಿಂದ ಐದು ವರ್ಷಗಳೊಳಗೆ ತಾನಾಗಿಯೇ ಹೋಗುತ್ತದೆ. ನಾವು ಹೇಳಿದ ಆ ಹಸುಳೆಯೂ ನಾಲ್ಕನೆಯ ವರ್ಷದಲ್ಲಿ, ವೈದ್ಯರ ಎದುರಿಗೆ, ಮೊದಲ ಬಾರಿ ಒಂದು ಲೋಟ ಹಾಲನ್ನು ಕುಡಿದು ಅರಗಿಸಿಕೊಂಡಿತು. ಅಂದು ಆ ಅಜ್ಜಿ ನಮಗೆ ಹೇಳಿದ ಮಾತು ಇಷ್ಟೇ: “ಮೊದಲೇ ಕೇಳಬೇಕಾಗಿತ್ತು ಕಣಪ್ಪಾ.” ಓದುಗರು ಮೊದಲೇ ಕೇಳಲಿ ಎಂಬುದೇ ನಮ್ಮ ಬಿನ್ನಹ.