ಕಳೆದ ಪುಸ್ತಕದ ಲೆಕ್ಕ ಯಾರ ತಲೆಗೆ?

ಸರ್ಕಾರಿ ಶಾಲೆಯ ಆವರಣಕ್ಕೆ ಯಾರು ಬರಬಹುದು, ಯಾರು ಬರಬಾರದು ಎಂದು 2025ರ ಅಕ್ಟೋಬರ್‌ನಲ್ಲಿ ರಾಜ್ಯವಿಡೀ ಜಗಳವಾಡಿತು. ಖಾಸಗಿ ಸಂಘಸಂಸ್ಥೆಗಳು ಸರ್ಕಾರಿ ಜಾಗ ಬಳಸಬೇಕಾದರೆ ಮೊದಲೇ ಅನುಮತಿ ಪಡೆಯಬೇಕು ಎಂಬ ಆದೇಶ ಬಂತು. ಹೈಕೋರ್ಟ್‌ನ ಧಾರವಾಡ ಪೀಠ ಅದಕ್ಕೆ ತಡೆ ಕೊಟ್ಟಿತು. 2013ರ ಹಳೆಯ ಸುತ್ತೋಲೆಯೊಂದು ಕಡತದಿಂದೆದ್ದು ಬಂದು ಟಿ.ವಿ. ಪರದೆಯ ಮೇಲೆ ಕುಣಿಯಿತು. ಅಷ್ಟು ದಿನದ ಚರ್ಚೆಯೆಲ್ಲ ಶಾಲೆಯ ಮೈದಾನದಲ್ಲೇ ಸುತ್ತಿತು. ಮೈದಾನ ದಾಟಿ, ಜಗಲಿ ಹತ್ತಿ, ಮುಖ್ಯ ಶಿಕ್ಷಕರ ಕೊಠಡಿಯ ಮೂಲೆಯಲ್ಲಿ ನಿಂತಿರುವ ಬೀರುವಿನ ತನಕ ಯಾರೂ ಹೋಗಲಿಲ್ಲ. ಆ ಬೀರುವಿನ ಹೆಸರೇ ಶಾಲಾ ಗ್ರಂಥಾಲಯ.

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಶಾಲೆಗಳಲ್ಲಿ ಪುಸ್ತಕವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಪ್ರತಿ ಶಾಲೆಗೊಂದು ಗ್ರಂಥಾಲಯ ಇರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕ, ಕತೆ ಪುಸ್ತಕಗಳು ಇರಬೇಕು ಎಂದಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತ ನೋಡಿಕೊಂಡು ವರ್ಷಕ್ಕೆ 5 ಸಾವಿರದಿಂದ 20 ಸಾವಿರ ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ದಾನಿಗಳು ಕೊಟ್ಟದ್ದು, ಇಲಾಖೆ ಕಳಿಸಿದ್ದು, ಹಳೆಯ ವಿದ್ಯಾರ್ಥಿಗಳು ತಂದಿಟ್ಟದ್ದು ಬೇರೆ. ಪುಸ್ತಕ ಇದೆ. ಬೀಗದ ಕೈ ಎಲ್ಲಿದೆ ಎಂದು ಕೇಳಬೇಕು, ಅಷ್ಟೆ.

ಈ ಗ್ರಂಥಾಲಯಗಳನ್ನು ಶಾಲೆ ಬಿಟ್ಟ ಮೇಲೆ ಊರಿನವರಿಗೆ ತೆರೆಯಿರಿ ಎಂದ ಕೂಡಲೇ ಎದುರಿಗೆ ಬರುವ ಮೊದಲ ಮಾತು: ಶಾಲೆ ಮಕ್ಕಳದ್ದು, ಹೊರಗಿನವರಿಗೆ ಅಲ್ಲೇನು ಕೆಲಸ? ಕೇಳಲು ಚೆನ್ನಾಗಿದೆ. ಆದರೆ ಚುನಾವಣೆ ಬಂದರೆ ಅದೇ ಕೊಠಡಿ ಮತಗಟ್ಟೆ. ಲಸಿಕೆ ಹಾಕುವ ದಿನ ಊರೆಲ್ಲ ಅಲ್ಲಿಗೇ. ನೆರೆ ಬಂದ ಕಡೆ ಕಾಳಜಿ ಕೇಂದ್ರವೂ ಅದೇ. ಇದಕ್ಕೆಲ್ಲ ತೆರೆದುಕೊಳ್ಳುವ ಗೇಟು, ಸಂಜೆ ಒಬ್ಬ ಗೃಹಿಣಿ ಕಾದಂಬರಿ ಕೇಳಿಕೊಂಡು ಬಂದರೆ ಮಾತ್ರ ಮುಚ್ಚಿಕೊಳ್ಳಬೇಕೇ?

ಎರಡನೆಯ ಮಾತು ಸ್ವಲ್ಪ ತೂಕದ್ದು. ಗ್ರಾಮ ಪಂಚಾಯಿತಿಗೊಂದು ಗ್ರಂಥಾಲಯ ಇದೆಯಲ್ಲ, ಮತ್ತೊಂದು ಏಕೆ? ಇದೆ, ನಿಜ. 2019ರಲ್ಲಿ ಆ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವು ‘ಅರಿವು ಕೇಂದ್ರ’ಗಳು. ಈ ಸರ್ಕಾರ, ಆ ಸರ್ಕಾರ ಎನ್ನದೆ ನಡೆದುಬಂದ ಒಳ್ಳೆಯ ಕೆಲಸ ಅದು, ಹೊಗಳಲು ನನಗೆ ಸಂಕೋಚವಿಲ್ಲ. ಆದರೆ ಲೆಕ್ಕ ನೋಡಿ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ಸುಮಾರು 6 ಸಾವಿರ, ಸರ್ಕಾರಿ ಶಾಲೆಗಳು 40 ಸಾವಿರಕ್ಕೂ ಹೆಚ್ಚು. ಅರಿವು ಕೇಂದ್ರ ಇರುವುದು ಸಾಮಾನ್ಯವಾಗಿ ಪಂಚಾಯಿತಿ ಕಚೇರಿಯ ಊರಿನಲ್ಲಿ. ಪಕ್ಕದ ಹಳ್ಳಿಯ, ಅದರಾಚೆಯ ತಾಂಡಾದ ಹುಡುಗಿ ಸಂಜೆ ಆರು ಗಂಟೆಗೆ ಮೂರು ಕಿಲೋಮೀಟರ್ ನಡೆದು ಬಂದು ಪುಸ್ತಕ ಬದಲಿಸಿಕೊಂಡು ಹೋಗುತ್ತಾಳೆ ಎಂದು ನಂಬುವವರು ನಮ್ಮ ಕಡೆಯ ಅಪ್ಪ-ಅಮ್ಮಂದಿರನ್ನು ಕಂಡವರಲ್ಲ. ಶಾಲೆ ಅವಳ ಊರಿನಲ್ಲೇ ಇದೆ.

ಇವೆಲ್ಲ ಹೊರಗೆ ಹೇಳುವ ಕಾರಣಗಳು. ಒಳಗಿನ ಕಾರಣ ಬೇರೆ. ಅದನ್ನು ಸಭೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ದಾಸ್ತಾನು ವಹಿಯ ಭಯ.

ಗ್ರಂಥಾಲಯದ ಉಸ್ತುವಾರಿ ಹಳ್ಳಿ ಶಾಲೆಗಳಲ್ಲಿ ಬಹುಪಾಲು ಒಬ್ಬ ಶಿಕ್ಷಕರ ತಲೆಗೆ ಬೀಳುತ್ತದೆ, ಹೆಚ್ಚಾಗಿ ಕನ್ನಡ ಮೇಷ್ಟ್ರಿಗೆ. ಗ್ರಂಥಪಾಲಕರ ಹುದ್ದೆ ಪ್ರಾಥಮಿಕ ಶಾಲೆಗೆ ಕನಸಿನ ಮಾತು. ಮೇಷ್ಟ್ರು ವರ್ಗವಾದರೆ ಚಾರ್ಜ್ ಪಟ್ಟಿಯಲ್ಲಿ ಪುಸ್ತಕಗಳನ್ನು ಒಂದೊಂದಾಗಿ ಎಣಿಸಿ ಒಪ್ಪಿಸಬೇಕು. ನಿವೃತ್ತಿಯಾದರೆ ಬೇಬಾಕಿ ಪತ್ರ ಬೇಕು. ಎಂಟು ಪುಸ್ತಕ ಕಡಿಮೆ ಬಂದರೆ ಅದರ ಬೆಲೆ ಅವರ ಕೈಯಿಂದ. ಹಣ ದೊಡ್ಡದಲ್ಲ. ಮೂವತ್ತು ವರ್ಷ ಪಾಠ ಹೇಳಿದವರ ಕಡತದಲ್ಲಿ ‘ಪುಸ್ತಕ ಕೊರತೆ’ ಎಂದು ಕೆಂಪು ಶಾಯಿಯಲ್ಲಿ ಬೀಳುವ ಒಂದು ಸಾಲು ದೊಡ್ಡದು. ಹೀಗಿರುವಾಗ ಜಾಣನಾದ ಶಿಕ್ಷಕ ಏನು ಮಾಡಬೇಕೋ ಅದನ್ನೇ ಮಾಡುತ್ತಾನೆ: ಬೀಗ ಹಾಕುತ್ತಾನೆ, ತನಿಖೆ ದಿನ ತೆರೆಯುತ್ತಾನೆ. ಅವನನ್ನು ಬೈಯುವುದು ಸುಲಭ, ಅನ್ಯಾಯವೂ ಹೌದು. ಪುಸ್ತಕ ಓದಿಸಿದ್ದಕ್ಕೆ ಬಹುಮಾನವಿಲ್ಲದೆ, ಕಳೆದದ್ದಕ್ಕೆ ಮಾತ್ರ ದಂಡವಿರುವ ವ್ಯವಸ್ಥೆಯಲ್ಲಿ ಬೀಗವೇ ಅತ್ಯಂತ ವಿವೇಕದ ನಿರ್ಧಾರ.

ಇದಕ್ಕೆ ಪರಿಹಾರವನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಅನ್ವಯಿಸುವ 2017ರ ಸಾಮಾನ್ಯ ಹಣಕಾಸು ನಿಯಮಾವಳಿಯ 215ನೇ ನಿಯಮದಲ್ಲೇ ಅದು ಇದೆ. ವರ್ಷದಲ್ಲಿ ಎರವಲು ಹೋದ ಅಥವಾ ಅಲ್ಲೇ ಕೂತು ಓದಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ. ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ ಸಾಕು. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಅಥವಾ ಅಪರೂಪದ್ದು ಕಳೆದರೆ ಮಾತ್ರ ತನಿಖೆ ತಪ್ಪದು. ಲೆಕ್ಕಪತ್ರದ ಭಾಷೆಯಲ್ಲಿ ಬರೆದ ಈ ವಾಕ್ಯಗಳಲ್ಲಿ ಎಷ್ಟು ಲೋಕಜ್ಞಾನ ಇದೆ ಗಮನಿಸಿ. ನಷ್ಟವನ್ನು ಅಳೆದದ್ದು ಬೀರುವಿನಲ್ಲಿ ಎಷ್ಟು ಪುಸ್ತಕ ಇತ್ತು ಎಂಬುದರ ಮೇಲಲ್ಲ, ಎಷ್ಟು ಪುಸ್ತಕ ಓಡಾಡಿತು ಎಂಬುದರ ಮೇಲೆ. ಹೆಚ್ಚು ಕೊಟ್ಟವರಿಗೆ ಹೆಚ್ಚು ರಿಯಾಯಿತಿ. ಬೀಗ ಹಾಕಿ ಕೂತವರಿಗೆ ಒಂದು ಪುಸ್ತಕವೂ ಇಲ್ಲ.

ನಮ್ಮ ಶಾಲೆಯೊಂದು ವರ್ಷಕ್ಕೆ ಎರಡು ಸಾವಿರ ಬಾರಿ ಪುಸ್ತಕ ಕೊಟ್ಟಿತು ಎಂದಿಟ್ಟುಕೊಳ್ಳಿ. ಹತ್ತು ಪುಸ್ತಕ ಕಳೆಯಬಹುದು. ಒಂದಕ್ಕೆ ನೂರೈವತ್ತರಂತೆ ಒಂದೂವರೆ ಸಾವಿರ ರೂಪಾಯಿ. ಪಂಚಾಯಿತಿಯೊಂದು ಸನ್ಮಾನಕ್ಕೆ ತರಿಸುವ ಶಾಲು-ಹಾರದ ಖರ್ಚಿಗೂ ಇದು ಸಾಟಿಯಲ್ಲ. ಸಾರ್ವಜನಿಕರಿಗೆ ತೆರೆಯುವ ಯಾವುದೇ ಶಾಲಾ ಗ್ರಂಥಾಲಯದ ನಿಯಮಾವಳಿಯ ಮೊದಲ ನಿಯಮ ಇದಾಗಬೇಕು: ಸಾವಿರಕ್ಕೆ ಐದು ಮಾಫಿ, ಶಿಕ್ಷಕರಿಂದ ವಸೂಲಿ ಇಲ್ಲ. ರಾಜ್ಯ ಸರ್ಕಾರ ಒಂದು ಪುಟದ ಆದೇಶದಲ್ಲಿ ಇದನ್ನು ಶಾಲೆಗಳಿಗೆ ಸ್ಪಷ್ಟವಾಗಿ ಬರೆದುಕೊಡಲಿ. ಪುಸ್ತಕವನ್ನು ಕಾಯುವುದಲ್ಲ, ಬಳಕೆಗೆ ಬಿಡುವುದು ಗ್ರಂಥಪಾಲಕನ ಕೆಲಸ ಎಂದು ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಆರಂಭಿಸಿದ್ದರು. ಪುಸ್ತಕಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದ ಯೂರೋಪಿನ ಹಳೆಯ ಗ್ರಂಥಾಲಯಗಳ ಕತೆಯನ್ನು ಅವರು ಹೇಳುತ್ತಿದ್ದರು. ಅದೇ ರಂಗನಾಥನ್ ಕೊನೆಯ ಹದಿನೈದು ವರ್ಷ ಬದುಕಿದ್ದು ನಮ್ಮ ಬೆಂಗಳೂರಿನಲ್ಲಿ.

ಇನ್ನು ಸದಸ್ಯತ್ವ. ನಾವು ನಿಯಮ ಬರೆಯಲು ಕೂತರೆ ಪೆನ್ನು ತಾನಾಗಿ ಬರೆಯುವುದು ಇಷ್ಟು: ಠೇವಣಿ, ಜಾಮೀನು, ಆಧಾರ್ ಪ್ರತಿ, ಎರಡು ಫೋಟೊ, ಹದಿನೈದು ದಿನ ಮೀರಿದರೆ ದಿನಕ್ಕಿಷ್ಟು ದಂಡ. ಬ್ಯಾಂಕ್ ಸಾಲದ ಅರ್ಜಿಯನ್ನು ನಕಲು ಮಾಡಿದಂತೆ. ಇದರಿಂದ ಕಳ್ಳ ಸಿಗುವುದಿಲ್ಲ, ಬಡವ ಹಿಂದೆ ಸರಿಯುತ್ತಾನೆ. ಬಯಲುಸೀಮೆಯ ಎಷ್ಟೋ ಮನೆಗಳವರು ಕಾಫಿ ಕುಯ್ಲಿಗೆ ಮಲೆನಾಡಿನ ತೋಟಗಳಿಗೆ ಹೋಗುತ್ತಾರೆ. ಅರೇಬಿಕಾ ಮುಗಿದು ರೊಬಸ್ಟಾ ಮುಗಿಯುವಷ್ಟರಲ್ಲಿ ತಿಂಗಳುಗಟ್ಟಲೆ ಆಗುತ್ತದೆ. ಆ ಮನೆಯ ಮಗುವಿಗೆ ಹದಿನೈದು ದಿನದ ಗಡುವು ಎಂದರೆ ಏನರ್ಥ? ಪುಸ್ತಕ ತೋಟದ ಲೈನ್ ಮನೆಗೆ ಹೋಗಲಿ, ಬಂದಾಗ ಬರಲಿ. ಅಮೆರಿಕದ ಷಿಕಾಗೊ ನಗರದ ಗ್ರಂಥಾಲಯ 2019ರಲ್ಲಿ, ನ್ಯೂಯಾರ್ಕ್ 2021ರಲ್ಲಿ ತಡವಾದ ಪುಸ್ತಕಕ್ಕೆ ದಂಡ ಹಾಕುವುದನ್ನೇ ಬಿಟ್ಟವು. ಷಿಕಾಗೊದಲ್ಲಿ ದಂಡಕ್ಕೆ ಹೆದರಿ ಮನೆಯಲ್ಲೇ ಅಡಗಿಸಿಟ್ಟಿದ್ದ ಪುಸ್ತಕಗಳು ವಾಪಸ್ ಬರತೊಡಗಿದವು. ಹಾಗಾಗಿ ಹೆಸರು, ಊರು, ಮೊಬೈಲ್ ಸಂಖ್ಯೆ ಇದ್ದರೆ ಇರಲಿ, ಇಲ್ಲದಿದ್ದರೆ ಬೇಡ. ಜಾತಿಯ ಕಾಲಂ ಮಾತ್ರ ಬೇಡವೇ ಬೇಡ. ಶಾಲೆಯ ಪ್ರತಿ ವಹಿಯಲ್ಲೂ ಅದನ್ನು ತುಂಬಿ ತುಂಬಿ ಕೈಗೆ ರೂಢಿಯಾಗಿಬಿಟ್ಟಿದೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತಿದ್ದೇನೆ. ಯಾರು ಯಾವ ಪುಸ್ತಕ ಒಯ್ದರು ಎಂಬ ವಹಿಯೂ ಊರಿನ ಕಟ್ಟೆಯ ಮೇಲೆ ಓದುವ ಪತ್ರಿಕೆಯಾಗಬಾರದು.

ಒಂದು ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ: ಮಕ್ಕಳ ಸುರಕ್ಷತೆ. ಗುರುತಿಲ್ಲದ ವಯಸ್ಕರು ಮಕ್ಕಳ ನಡುವೆ ಓಡಾಡುವುದು ಸಣ್ಣ ವಿಷಯವಲ್ಲ. 2012ರ ಪೋಕ್ಸೊ ಕಾಯ್ದೆ ಬಂದದ್ದು ಸುಮ್ಮನೆ ಅಲ್ಲ. ಆದ್ದರಿಂದ ಪಾಠದ ಹೊತ್ತಿನಲ್ಲಿ ಸಾರ್ವಜನಿಕರಿಗೆ ಪ್ರವೇಶ ಇರಲೇಬಾರದು. ಸಂಜೆ ಐದರಿಂದ ಏಳೂವರೆ, ಭಾನುವಾರ ಬೆಳಿಗ್ಗೆ. ಗ್ರಂಥಾಲಯದ ಕೊಠಡಿ ರಸ್ತೆಯ ಕಡೆಗಿರಲಿ, ಬಾಗಿಲು ತೆರೆದೇ ಇರಲಿ, ಒಳಗೆ ಸದಾ ಇಬ್ಬರು ಜವಾಬ್ದಾರಿಯವರು ಇರಲಿ, ಅವರಲ್ಲಿ ಒಬ್ಬರು ಹೆಂಗಸು. ಬೇಸಿಗೆ ರಜೆಯಲ್ಲಿ, ಅಂದರೆ ಮಕ್ಕಳಿಗೆ ನಿಜವಾಗಿ ಓದಲು ಬಿಡುವಿರುವ ಏಪ್ರಿಲ್–ಮೇ ತಿಂಗಳಲ್ಲಿ, ಇಡೀ ದಿನ ತೆರೆದಿರಬೇಕು. ಈಗ ಸರಿಯಾಗಿ ಆ ಏಳು ವಾರವೇ ಎಲ್ಲದಕ್ಕೂ ಬೀಗ.

ಇನ್ನೊಂದು ಅಪಾಯವನ್ನು ಯಾರೂ ಎತ್ತುವುದಿಲ್ಲ, ಎತ್ತಬೇಕು. ಗ್ರಂಥಾಲಯ ತೆರೆದ ತಿಂಗಳೊಳಗೆ ಅದರ ಬೆಂಚುಗಳೆಲ್ಲ ಪೊಲೀಸ್ ಸಬ್‌ ಇನ್‌ಸ್ಪೆಕ್ಟರ್, ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಗೆ ಓದುವ ಹುಡುಗರಿಂದ ತುಂಬಿಬಿಡುತ್ತವೆ. ಪಟ್ಟಣದ ಗ್ರಂಥಾಲಯಗಳಲ್ಲಿ ಇದನ್ನು ಕಂಡಿದ್ದೇವೆ. ಅವರ ಅಗತ್ಯ ನಿಜವಾದದ್ದು, ಅವರನ್ನು ಓಡಿಸಬಾರದು. ಆದರೆ ಅವರ ಮೌನದ ನಡುವೆ ನಾಲ್ಕನೇ ಕ್ಲಾಸಿನ ಮಗು ಗಟ್ಟಿಯಾಗಿ ಓದಲಾರದು, ಅಜ್ಜಿಗೆ ಯಾರಾದರೂ ಪತ್ರಿಕೆ ಓದಿ ಹೇಳಲಾರರು. ಅವರಿಗೊಂದು ತರಗತಿ ಕೋಣೆ ಬೇರೆ ಕೊಡಿ. ಸಂಜೆ ಹೊತ್ತು ಕೋಣೆಗಳಿಗೇನು ಬರ?

ಬಾಗಿಲು ತೆರೆಯುವವರು ಯಾರು? ಶಿಕ್ಷಕರಂತೂ ಅಲ್ಲ. ಮತಗಟ್ಟೆ, ಗಣತಿ, 2025ರ ದಸರಾ ರಜೆಯನ್ನೇ ನುಂಗಿದ ಸಮೀಕ್ಷೆ, ಎಲ್ಲವನ್ನೂ ಅವರ ಮೇಲೆ ಹೇರಿ ಸಂಜೆಯ ಬೀಗದ ಕೈಯನ್ನೂ ಕೊಟ್ಟರೆ ಅದು ಒಂದು ವಾರವೂ ಬಾಳದು. ಊರಿನ ಸ್ವಸಹಾಯ ಸಂಘದ ಒಬ್ಬಿಬ್ಬರು ಹೆಂಗಸರಿಗೆ ಗೌರವಧನ ಕೊಟ್ಟು ವಹಿಸಿ. ಹಣವೆಲ್ಲಿ ಎಂದು ಕೇಳುವವರು ತಮ್ಮ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಲಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಗ್ರಂಥಾಲಯ ಕರ ವಸೂಲಾಗುತ್ತದೆ, ರೂಪಾಯಿಗೆ ಆರು ಪೈಸೆ. ಈ ದುಡ್ಡು ಕಟ್ಟುವವರು ನಾವು. ವಿಚಿತ್ರವೆಂದರೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯೂ ಶಾಲೆಗಳೂ ಶಿಕ್ಷಣ ಸಚಿವಾಲಯದ ಕೆಳಗೇ ಬರುತ್ತವೆ, ಪಂಚಾಯಿತಿ ಗ್ರಂಥಾಲಯ ಮತ್ತೊಂದು ಮಂತ್ರಿಯದು. ಒಂದೇ ಊರಿನ ಎರಡು ಬೀರು ಒಂದರ ಮುಖ ಇನ್ನೊಂದು ನೋಡಿಲ್ಲ. ಉಸ್ತುವಾರಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಕೊಡಬಹುದು. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಮಹಿಳೆಯರು ಇರಬೇಕೆಂದು ಕಾನೂನೇ ಹೇಳಿದೆ. ದಕ್ಷಿಣ ಆಸ್ಟ್ರೇಲಿಯಾದ ಸಣ್ಣ ಸಣ್ಣ ಊರುಗಳಲ್ಲಿ ಶಾಲೆ ಮತ್ತು ಸಮುದಾಯದ ಜಂಟಿ ಗ್ರಂಥಾಲಯಗಳು 1970ರ ದಶಕದಿಂದ ಹೀಗೆ ಜಂಟಿ ಮಂಡಳಿಯ ಕೈಯಲ್ಲೇ ನಡೆದಿವೆ.

ಪುಸ್ತಕದ ಆಯ್ಕೆಗೆ ಬಂದರೆ ಜಗಳ ಖಂಡಿತ. ಈ ಪುಸ್ತಕ ತೆಗೆಯಿರಿ, ಆ ಲೇಖಕನನ್ನು ಇಡಬೇಡಿ ಎಂದು ಎಡಗಡೆಯಿಂದಲೂ ಬಲಗಡೆಯಿಂದಲೂ ಬರುತ್ತಾರೆ. ನನ್ನ ನಿಯಮ ಸರಳ: ದೂರು ಬರಹದಲ್ಲಿರಲಿ, ಪುಸ್ತಕವನ್ನು ಕೊನೆಯ ಪುಟದ ತನಕ ಓದಿದವರು ಮಾತ್ರ ಕೊಡಲಿ. ಅರ್ಧ ದೂರು ಅಲ್ಲೇ ನಿಲ್ಲುತ್ತದೆ. ದಾನ ಬಂದ ಹರಿದ ಗೈಡುಗಳನ್ನೂ ಅಭಿನಂದನ ಗ್ರಂಥಗಳನ್ನೂ ವಿನಯದಿಂದ ಹಿಂದಿರುಗಿಸುವ ಅಧಿಕಾರ ಸಮಿತಿಗಿರಲಿ. ಅದರ ಬದಲು ಪ್ರತಿ ಶಾಲೆಯಲ್ಲೂ ಈ ನೆಲದ ಒಂದು ಅಟ್ಟಣಿಗೆ ಬೇಕು. ‘ಆನಂದ’ ಹೆಸರಿನಲ್ಲಿ ಬರೆದ ಅಜ್ಜಂಪುರ ಸೀತಾರಾಂ ಅವರ ಕತೆಗಳು, ತೆಲುಗಿನಿಂದ ಕನ್ನಡಕ್ಕೆ ತಂದ ಅಜ್ಜಂಪುರ ಜಿ. ಸೂರಿಯವರ ಅನುವಾದಗಳು, ತರೀಕೆರೆ ಪಕ್ಕದ ಅಮೃತಾಪುರದ ಶಾಸನಕ್ಕೆ ಪದ್ಯ ಬರೆದ ಜನ್ನ, ಚಿಕ್ಕಮಗಳೂರು ಇನ್ನೂ ಕಡೂರು ಜಿಲ್ಲೆಯಾಗಿದ್ದಾಗ ಶಾಸನತಜ್ಞ ಬಿ.ಎಲ್. ರೈಸ್ ಪ್ರಕಟಿಸಿದ ಶಾಸನ ಸಂಪುಟ. ಅಮೃತಾಪುರದ ಶಾಸನ ಎಂಟು ಶತಮಾನದಿಂದ ಬಯಲಲ್ಲೇ ನಿಂತಿದೆ, ಬಂದವರೆಲ್ಲ ನೋಡಬಹುದು. ಆದರೆ ‘ನಾನು ಕೊಂದ ಹುಡುಗಿ’ ಬರೆದ ಆನಂದರ ಪುಸ್ತಕವನ್ನು ಅಜ್ಜಂಪುರದ ಮಗು ಬೆಂಗಳೂರಿನ ಅಂಗಡಿಯಿಂದ ತರಿಸಿಕೊಳ್ಳಬೇಕೆಂದರೆ ಅದು ನಮಗೆ ನಾಚಿಕೆ.

ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ, ಹಳ್ಳಿಗಳ ಶಾಲಾ ಗ್ರಂಥಾಲಯಗಳು ಶಾಲಾ ಸಮಯದ ಆಚೆ ಊರಿಗೆ ದೊರೆಯಬೇಕು ಎಂಬ ಆಶಯ ಇದೆ. ಆ ನೀತಿಯನ್ನು ನಮ್ಮ ರಾಜ್ಯ ಕೈಬಿಟ್ಟಿದೆ, ಕೈಬಿಡಲು ಅದಕ್ಕೆ ಕಾರಣಗಳೂ ಇವೆ. ಆದರೆ ಇದೊಂದನ್ನು ಮಾಡಿದರೆ ದೆಹಲಿಗೆ ಬಾಗಿದಂತಾಗುತ್ತದೆ ಎಂದು ಯಾವ ಮಂತ್ರಿಯೂ ಹೆದರಬೇಕಾಗಿಲ್ಲ, ನೀತಿಯನ್ನು ಹೊಗಳುವವರು ಅದನ್ನು ಎಲ್ಲಾದರೂ ಮಾಡಿ ತೋರಿಸಿದ್ದಾರೆ ಎಂದು ಬೀಗಬೇಕಾಗಿಯೂ ಇಲ್ಲ. ಸಾವಿರಕ್ಕೆ ಐದು ಮಾಫಿ ಎಂಬ ಆದೇಶ ಬೆಂಗಳೂರಿನಿಂದ ಬರಲಿ. ಉಳಿದ ಸಮಯ, ಸದಸ್ಯತ್ವದ ವಿಷಯವನ್ನು ಜಿಲ್ಲಾ ಪಂಚಾಯಿತಿ ಸಿಇಒ ಮತ್ತು ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಕೂತು ತೀರ್ಮಾನಿಸಲಿ. ಮೊದಲು ಈ ಮೂರು ತಾಲ್ಲೂಕುಗಳಲ್ಲಿ, ಹೋಬಳಿಗೊಂದು ಶಾಲೆಯಾದರೂ ಸಾಕು. ಮಾರ್ಚ್ ಮುಗಿಯುವ ಮುಂಚೆ ಸಹಿ ಬಿದ್ದರೆ, ಪರೀಕ್ಷಿಸಿ ನೋಡಲು ಇಡೀ ಬೇಸಿಗೆ ರಜೆ ಕೈಗೆ ಸಿಗುತ್ತದೆ.