ಕೆಂಪಾಗದ ತಪ್ಪು

‘ಇದನ್ನೇ 16 ಮೊನೆಯ ನಕ್ಷತ್ರ ಮಾಡಿ ತೋರಿಸ್ತೀರಾ? ಸೋಮನಾಥಪುರದ ಗುಡಿಯಲ್ಲಿ ಇದೆಯಲ್ಲ, ಹಾಗೆ.’

ಎದುರು ಕುಳಿತಿದ್ದ ಮೇಡಂ ಕೇಳಿದ್ದು ಇಷ್ಟೇ. ಬೆಂಗಳೂರಿನ ಒಂದು ವಿನ್ಯಾಸ ಕಚೇರಿಯಲ್ಲಿ ಇಂಟರ್ನ್‌ಶಿಪ್‌ಗಾಗಿ ನಡೆದ ಸಂದರ್ಶನ ಅದು. ನನ್ನ ಲ್ಯಾಪ್‌ಟಾಪ್ ಪರದೆಯ ಮೇಲೆ ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ದೇವಾಲಯದ ತಳವಿನ್ಯಾಸವಿತ್ತು. 24 ಮೊನೆಗಳ ನಕ್ಷತ್ರ. ರೈನೋ ಎಂಬ ತ್ರೀಡಿ ಸಾಫ್ಟ್‌ವೇರ್‌ನೊಳಗೆ ಗ್ರಾಸ್‌ಹಾಪರ್ ಬಳಸಿ ಮಾಡಿದ್ದೆ. ರೆಸ್ಯೂಮೆಯಲ್ಲಿ ‘ಪ್ಯಾರಾಮೆಟ್ರಿಕ್ ಡಿಸೈನ್’ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದೆ.

ಸ್ಲೈಡರ್ ಎಳೆದು ಚೌಕಗಳ ಸಂಖ್ಯೆಯನ್ನು 6ರಿಂದ 4ಕ್ಕೆ ಇಳಿಸಿದೆ. ಮೊನೆಗಳೇನೋ 16 ಆದವು, ಆದರೆ ನಕ್ಷತ್ರವಾಗಲಿಲ್ಲ. ನಾಲ್ಕು ಮೊನೆಗಳ ಗುಂಪು, ಆಮೇಲೆ ಖಾಲಿ ಜಾಗ, ಮತ್ತೆ ನಾಲ್ಕು, ಮತ್ತೆ ಖಾಲಿ. ಹಲ್ಲು ಉದುರಿದ ಬಾಚಣಿಗೆಯ ಹಾಗೆ ಕಾಣುತ್ತಿತ್ತು. ಎಲ್ಲಿ ತಪ್ಪಾಯಿತೆಂದು ಹುಡುಕುತ್ತ ಹತ್ತು ನಿಮಿಷ ಕಳೆದೆ. ಸಿಗಲಿಲ್ಲ. ‘ಪರವಾಗಿಲ್ಲ, ನಾವು ತಿಳಿಸ್ತೀವಿ’ ಎಂದರು. ತಿಳಿಸಲಿಲ್ಲ.

ಆ ಕಚೇರಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಬೇಸರವಿರುವುದು ಬೇರೆ ವಿಷಯಕ್ಕೆ. ಮೂರು ವರ್ಷ ಸಿವಿಲ್ ಎಂಜಿನಿಯರಿಂಗ್ ಓದಿದ ಮೇಲೂ, ನಾನು ಮಾಡಿದ ಕೆಲಸದಲ್ಲಿನ ತಪ್ಪನ್ನು ನಾನೇ ಹುಡುಕುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ನನ್ನಂಥವರು ಬಹಳ ಮಂದಿ ಇದ್ದೇವೆ ಎಂದು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಣೆ. ಸಾಮಾನ್ಯವಾಗಿ ಕ್ಯಾಡ್‌ನಲ್ಲಿ ನಾವು ಗೆರೆ ಎಳೆಯುತ್ತೇವೆ. ಪ್ಯಾರಾಮೆಟ್ರಿಕ್ ವಿನ್ಯಾಸದಲ್ಲಿ ಗೆರೆ ಹೇಗೆ ಹುಟ್ಟಬೇಕು ಎಂಬ ನಿಯಮ ಬರೆಯುತ್ತೇವೆ. ಒಂದು ಅಳತೆ ಬದಲಾದರೆ ಅದನ್ನು ನಂಬಿಕೊಂಡ ಎಲ್ಲವೂ ತಾನಾಗಿ ಬದಲಾಗಬೇಕು. ಈ ಯೋಚನೆ ಕಂಪ್ಯೂಟರ್‌ಗಿಂತ ಹಳೆಯದು. ಸ್ಪೇನ್‌ನ ವಾಸ್ತುಶಿಲ್ಪಿ ಆಂಟೊನಿ ಗೌಡಿ ಕೊಲೊನಿಯಾ ಗುಯೆಲ್ ಚರ್ಚಿನ ಕಮಾನುಗಳ ಆಕಾರ ಹುಡುಕಲು ದಾರಗಳನ್ನು ತಲೆಕೆಳಗಾಗಿ ಇಳಿಬಿಟ್ಟು, ಅವಕ್ಕೆ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿದ್ದರು. ಒಂದು ದಾರದ ಉದ್ದ ಬದಲಿಸಿದರೆ ಉಳಿದ ದಾರಗಳೂ ಹೊಸ ಆಕಾರಕ್ಕೆ ಹೊಂದಿಕೊಳ್ಳುತ್ತಿದ್ದವು. ಕಂಪ್ಯೂಟರ್‌ನಲ್ಲಿ ಇಂಥದ್ದನ್ನು 1963ರಲ್ಲಿ ಇವಾನ್ ಸದರ್ಲೆಂಡ್ ಅವರ ಸ್ಕೆಚ್‌ಪ್ಯಾಡ್ ಮಾಡಿ ತೋರಿಸಿತು. ನಾವು ಬಳಸುವ ಗ್ರಾಸ್‌ಹಾಪರ್ ಬಂದಿದ್ದು 2007ರಲ್ಲಿ. ಅದನ್ನು ರೂಪಿಸಿದ ಡೇವಿಡ್ ರಟ್ಟನ್ ಮೊದಲು ಇಟ್ಟ ಹೆಸರು ‘ಎಕ್ಸ್‌ಪ್ಲಿಸಿಟ್ ಹಿಸ್ಟರಿ’. ಅಂದರೆ ಆಕೃತಿ ಹೇಗೆ ಹುಟ್ಟಿತು ಎಂಬ ಇತಿಹಾಸವನ್ನು ಬಿಚ್ಚಿಟ್ಟು ತೋರಿಸುವಂಥದ್ದು. ಇದರಲ್ಲಿ ಕೋಡ್ ಬರೆಯಬೇಕಾಗಿಲ್ಲ. ಪುಟ್ಟ ಡಬ್ಬಿಗಳನ್ನು ತಂತಿಗಳಿಂದ ಜೋಡಿಸುತ್ತಾ ಹೋದರಾಯಿತು.

ಡಂಬಳದ ಗುಡಿಯ ನಿಯಮವೂ ಸರಳವಾಗಿದೆ. ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ತಿರುಗಿಸುತ್ತಾ ಹೋಗಬೇಕು. ಒಂದು ಚೌಕಕ್ಕೆ ನಾಲ್ಕು ಮೂಲೆ, 24 ಮೊನೆಗೆ ಆರು ಚೌಕ. 90 ಡಿಗ್ರಿಯನ್ನು ಆರರಿಂದ ಭಾಗಿಸಿದರೆ 15. ಪ್ರತಿ ಚೌಕವೂ ಹಿಂದಿನದಕ್ಕಿಂತ 15 ಡಿಗ್ರಿ ತಿರುಗಿರಬೇಕು. 12ನೇ ಶತಮಾನದ ಶಿಲ್ಪಿಗಳು ಇದನ್ನು ಕಲ್ಲಿನಲ್ಲಿ ಮಾಡಿದರು. ನಾನು ಲ್ಯಾಪ್‌ಟಾಪ್‌ನಲ್ಲಿ ಮೂರು ಸಲ ಕೆಡಿಸಿದೆ.

ಮೊದಲ ಸಲ ಸಿಕ್ಕಿಬಿದ್ದಿದ್ದು ಮನೆಯಲ್ಲಿ. ವಿಡಿಯೊ ನೋಡಿಕೊಂಡು ಮಾಡಿದ ನಕ್ಷತ್ರವನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಕಾಲೇಜಿನಲ್ಲಿ ತೋರಿಸಿ ಶಭಾಷ್ ಅನ್ನಿಸಿಕೊಂಡು, ಯುಗಾದಿಗೆ ಊರಿಗೆ ಒಯ್ದಿದ್ದೆ. ನಮ್ಮಪ್ಪ ಗೌಂಡಿ. ಮುಂಡರಗಿ ಸುತ್ತಮುತ್ತ ಮನೆ ಕಟ್ಟುತ್ತಾರೆ. ಹಾಳೆಯ ಮೇಲೆ ಬೆರಳಾಡಿಸಿ ಹೇಳಿದರು:

‘ಇಲ್ಲಿ ಮೂರು ಒತ್ತಿಗೊಂಡಾವ, ಇಲ್ಲಿ ಬಾಯಿ ಬಿಟ್ಟೈತಿ. ಗುಡ್ಯಾಗ ಹಿಂಗಿಲ್ಲವ್ವಾ.’

‘ಇಪ್ಪತ್ನಾಕು ಅದಾವಪ್ಪಾ, ಎಣಿಸೇನಿ.’

‘ಎಣಿಸಿದ್ರ ಆತೇನು? ಅಳತಿ ಹಿಡಿದು ನೋಡು.’

ಅಳೆದೆ. ಅಪ್ಪ ಹೇಳಿದ್ದು ನಿಜ. ಕಾರಣ ಹುಡುಕಲು ಒಂದು ರಾತ್ರಿ ಹಿಡಿಯಿತು. ಗ್ರಾಸ್‌ಹಾಪರ್‌ನ ರೊಟೇಟ್ ಡಬ್ಬಿ ಕೋನವನ್ನು ಡಿಗ್ರಿಯಲ್ಲಿ ತೆಗೆದುಕೊಳ್ಳುವುದಿಲ್ಲ, ರೇಡಿಯನ್‌ನಲ್ಲಿ ತೆಗೆದುಕೊಳ್ಳುತ್ತದೆ. ಡಿಗ್ರಿ ಬೇಕೆಂದರೆ ಕೋನದ ಇನ್‌ಪುಟ್ ಮೇಲೆ ರೈಟ್ ಕ್ಲಿಕ್ ಮಾಡಿ ಆರಿಸಬೇಕು. ನಾನು ಕೊಟ್ಟ 15 ಅದಕ್ಕೆ 15 ರೇಡಿಯನ್ ಆಗಿತ್ತು, ಅಂದರೆ ಸುಮಾರು 859 ಡಿಗ್ರಿ. ಚೌಕ ಎರಡು ಸುತ್ತಿಗಿಂತ ಹೆಚ್ಚು ತಿರುಗಿ ಎಲ್ಲೋ ನಿಂತಿತ್ತು. ಆರು ಚೌಕಗಳು ಮೂರು ಮೂರರಂತೆ ಎರಡು ಗುಂಪಾಗಿದ್ದವು. ಮೊನೆಗಳ ಲೆಕ್ಕ ಮಾತ್ರ ಸರಿಯಾಗಿ 24! ಪಿಯುಸಿಯಲ್ಲಿ 180 ಡಿಗ್ರಿ ಎಂದರೆ ಪೈ ರೇಡಿಯನ್ ಎಂದು ಬಾಯಿಪಾಠ ಮಾಡಿದ್ದೆ, ಅಂಕವನ್ನೂ ಪಡೆದಿದ್ದೆ. ಕೆಲಸದ ಹೊತ್ತಿಗೆ ನೆನಪಾಗಲಿಲ್ಲ.

ಎರಡನೆಯದು ಆರು ಚೌಕಗಳನ್ನು ಕೂಡಿಸಿ ಒಂದೇ ಹೊರಗೆರೆ ಮಾಡುವಾಗ ಆಯಿತು. ಅದಕ್ಕೆ ರೀಜನ್ ಯೂನಿಯನ್ ಎಂಬ ಡಬ್ಬಿ ಇದೆ. ಜೋಡಿಸಿದೆ, ಆದರೆ ಚೌಕಗಳು ಆರೂ ಹಾಗೆಯೇ ಹೊರಬಂದವು. ವಿಡಿಯೊದಲ್ಲಿ ಯಾರೋ ‘ಗ್ರಾಫ್ಟ್’ ಒತ್ತಿದ್ದನ್ನು ನೋಡಿ ನಾನೂ ಒತ್ತಿದ್ದೆ. ಗ್ರಾಫ್ಟ್ ಮಾಡಿದರೆ ಪ್ರತಿ ಚೌಕವೂ ಬೇರೆ ಬೇರೆ ಕೊಂಬೆಗೆ ಹೋಗುತ್ತದೆ. ಯೂನಿಯನ್ ಒಂದೊಂದು ಕೊಂಬೆಯನ್ನೂ ಪ್ರತ್ಯೇಕವಾಗಿ ನೋಡುತ್ತದೆ. ಒಂಟಿ ಚೌಕವನ್ನು ಯಾವುದರ ಜೊತೆ ಕೂಡಿಸುವುದು? ‘ಫ್ಲ್ಯಾಟನ್’ ಮಾಡಿ ಎಲ್ಲವನ್ನೂ ಒಂದೇ ಪಟ್ಟಿಗೆ ತಂದ ಮೇಲೆ ಸರಿಹೋಯಿತು.

ಮೂರನೆಯದು ಸಂದರ್ಶನದಲ್ಲಿ ಕೈಕೊಟ್ಟಿದ್ದು. ವಾಪಸ್ ಬರುವ ರೈಲಿನಲ್ಲಿ ಫೈಲ್ ತೆರೆದು ನೋಡಿದಾಗ ಗೊತ್ತಾಯಿತು. ಚೌಕಗಳ ಸಂಖ್ಯೆಗೆ ಒಂದು ಸ್ಲೈಡರ್ ಇಟ್ಟಿದ್ದೆ, ಕೋನಕ್ಕೆ 15 ಎಂದು ಕೈಯಾರೆ ಬರೆದಿದ್ದೆ. ನಾಲ್ಕು ಚೌಕಕ್ಕೆ 22.5 ಡಿಗ್ರಿ ಬೇಕು. 90 ಭಾಗಿಸು ಚೌಕಗಳ ಸಂಖ್ಯೆ ಎಂಬ ಒಂದು ಭಾಗಾಕಾರದ ಡಬ್ಬಿ ಇಟ್ಟಿದ್ದರೆ ಸಾಕಿತ್ತು. ಆ ಸಂಬಂಧವನ್ನು ನಾನು ಬರೆದೇ ಇರಲಿಲ್ಲ. ಅಂದಮೇಲೆ ನಾನು ಮಾಡಿದ್ದು ಪ್ಯಾರಾಮೆಟ್ರಿಕ್ ವಿನ್ಯಾಸವೇ ಅಲ್ಲ, ಪ್ಯಾರಾಮೆಟ್ರಿಕ್ ಸಾಫ್ಟ್‌ವೇರ್‌ನಲ್ಲಿ ಬರೆದ ಒಂದು ಚಿತ್ರ.

ಈ ಮೂರು ತಪ್ಪುಗಳಲ್ಲೂ ಒಂದು ಸಾಮ್ಯ ಇದೆ. ಗ್ರಾಸ್‌ಹಾಪರ್‌ನಲ್ಲಿ ಏನಾದರೂ ಅನುಮಾನವಿದ್ದರೆ ಡಬ್ಬಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಕೆಲಸವೇ ಆಗದಿದ್ದರೆ ಕೆಂಪಾಗುತ್ತದೆ. ನನ್ನ ಯಾವ ತಪ್ಪಿಗೂ ಡಬ್ಬಿ ಕೆಂಪಾಗಲಿಲ್ಲ. ಹೇಳಿದ್ದನ್ನು ಸಾಫ್ಟ್‌ವೇರ್ ಸರಿಯಾಗಿಯೇ ಮಾಡಿತ್ತು, ಹೇಳಿದ್ದೇ ತಪ್ಪಾಗಿತ್ತು. ಕೆಂಪಾದ ತಪ್ಪನ್ನು ಯಾರಾದರೂ ಸರಿಮಾಡಿಯಾರು, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಕೆಂಪಾಗದ ತಪ್ಪು ಪ್ರಿಂಟ್ ಆಗಿ, ಅಂಕ ಪಡೆದು, ಕೊನೆಗೆ ಸೈಟ್‌ಗೂ ಹೋಗಿಬಿಡಬಹುದು.

ನಕ್ಷತ್ರದ ಚಿತ್ರ ಕೆಟ್ಟರೆ ಯಾರಿಗೂ ಏನೂ ಆಗುವುದಿಲ್ಲ ನಿಜ. ಆದರೆ ನಾವು ಮುಂದೆ ಕಟ್ಟಬೇಕಾದದ್ದು ಚಿತ್ರಗಳನ್ನಲ್ಲ. ಅಮೆರಿಕದ ಹಾರ್ಟ್‌ಫರ್ಡ್ ನಗರದ ಸಿವಿಕ್ ಸೆಂಟರ್‌ನ ವಿಶಾಲ ಚಾವಣಿ 1978ರ ಜನವರಿ 18ರ ಬೆಳಗಿನ ಜಾವ ಹಿಮದ ಭಾರಕ್ಕೆ ಕುಸಿದುಬಿತ್ತು. ಕೆಲವೇ ಗಂಟೆಗಳ ಹಿಂದೆ ಅಲ್ಲಿ ಸಾವಿರಾರು ಜನ ಕುಳಿತು ಬಾಸ್ಕೆಟ್‌ಬಾಲ್ ಪಂದ್ಯ ನೋಡಿ ಎದ್ದು ಹೋಗಿದ್ದರು, ಹಾಗಾಗಿ ಜೀವಹಾನಿ ತಪ್ಪಿತು. ಅದರ ಲೆಕ್ಕವನ್ನು ಕಂಪ್ಯೂಟರ್‌ನಲ್ಲೇ ಮಾಡಲಾಗಿತ್ತು. ಮೇಲ್ಭಾಗದ ಉಕ್ಕಿನ ಸದಸ್ಯಗಳಿಗೆ ಅಕ್ಕಪಕ್ಕದಿಂದ ಸರಿಯಾದ ಆಸರೆ ಇದೆ ಎಂದು ಲೆಕ್ಕದಲ್ಲಿ ಹಿಡಿದಿದ್ದರು, ವಾಸ್ತವದ ಜೋಡಣೆಯಲ್ಲಿ ಆ ಆಸರೆ ಸಾಕಷ್ಟು ಇರಲಿಲ್ಲ. ಕಂಪ್ಯೂಟರ್ ತನಗೆ ಕೊಟ್ಟ ಲೆಕ್ಕವನ್ನು ಮಾಡಿತ್ತು, ಅಷ್ಟೇ.

ಸಂದರ್ಶನದ ನಂತರ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಪ್ಪುಗಳ ನೋಟ್‌ಬುಕ್. ಅದರಿಂದ ಕಲಿತ ಕೆಲವು ಅಭ್ಯಾಸಗಳನ್ನು ಹೇಳುತ್ತೇನೆ. ಕಲಿಯುತ್ತಿರುವವರಿಗೆ ಉಪಯೋಗವಾದೀತು.

ಮೊದಲನೆಯದು, ಉತ್ತರ ಗೊತ್ತಿರುವ ಸಣ್ಣ ಲೆಕ್ಕದಿಂದ ಶುರುಮಾಡುವುದು. ಆರು ಚೌಕಕ್ಕೆ ಮೊದಲು ಎರಡೇ ಚೌಕ ಇಟ್ಟು ನೋಡಿ. 45 ಡಿಗ್ರಿ ತಿರುಗಿದ ಎಂಟು ಮೊನೆಯ ನಕ್ಷತ್ರ ಬರಬೇಕು. ಅದನ್ನು ಕಾಗದದ ಮೇಲೂ ಬರೆಯಬಹುದು. ಅಲ್ಲೇ ತಪ್ಪಿದರೆ ಆರಕ್ಕೆ ಹೋಗುವ ಅಗತ್ಯವೇ ಇಲ್ಲ. ಎರಡನೆಯದು, ತಂತಿಯಲ್ಲಿ ಏನು ಹರಿಯುತ್ತಿದೆ ಎಂದು ನೋಡುವುದು. ‘ಪ್ಯಾನಲ್’ ಎಂಬ ಹಳದಿ ಡಬ್ಬಿಯನ್ನು ಎಲ್ಲಿ ಬೇಕಾದರೂ ಜೋಡಿಸಿ, ಸಂಖ್ಯೆಗಳೂ ಕೊಂಬೆಗಳೂ ಕಾಣುತ್ತವೆ. ಮೂರನೆಯದು, ನಡುವಿನಿಂದ ಹುಡುಕುವುದು. ಡಬ್ಬಿಗಳ ಸಾಲಿನ ಮಧ್ಯದಲ್ಲಿ ನೋಡಿ. ಅಲ್ಲಿಯವರೆಗೆ ಸರಿ ಇದ್ದರೆ ತಪ್ಪು ಮುಂದಿದೆ, ಇಲ್ಲದಿದ್ದರೆ ಹಿಂದಿದೆ. ಪ್ರತಿ ಸಲವೂ ಅರ್ಧ ಕೆಲಸ ಕಡಿಮೆಯಾಗುತ್ತದೆ. ನಾಲ್ಕನೆಯದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಗಾಬರಿಯಲ್ಲಿ ನಾಲ್ಕು ಕಡೆ ಕೈಹಾಕಿದರೆ, ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಇನ್ನೆರಡು ಸಣ್ಣ ಮಾತು. ರೈನೋ ಫೈಲ್ ಬೇರೆ, ಗ್ರಾಸ್‌ಹಾಪರ್ ಫೈಲ್ ಬೇರೆ, ಎರಡನ್ನೂ ಸೇವ್ ಮಾಡಬೇಕು. ಒಂದನ್ನೇ ಪೆನ್‌ಡ್ರೈವ್‌ನಲ್ಲಿ ಒಯ್ದು ಪೇಚಾಡಿದವರು ನಮ್ಮ ಹಾಸ್ಟೆಲ್‌ನಲ್ಲೇ ಇದ್ದಾರೆ. ನಮ್ಮಲ್ಲಿ ಹಲವರ ಲ್ಯಾಪ್‌ಟಾಪ್‌ಗಳು ಹಳೆಯವು. ದೊಡ್ಡ ಬದಲಾವಣೆ ಮಾಡುವ ಮೊದಲು ಸಾಲ್ವರ್ ಅನ್ನು ಲಾಕ್ ಮಾಡಿಕೊಂಡರೆ ಯಂತ್ರ ಹ್ಯಾಂಗ್ ಆಗುವುದು ತಪ್ಪುತ್ತದೆ. ರೈನೋಗೆ ಹಣ ಬೇಕು, ಆದರೆ 90 ದಿನ ಪೂರ್ಣ ರೂಪದಲ್ಲಿ ಉಚಿತವಾಗಿ ಬಳಸಿ ನೋಡಬಹುದು. ಅದೂ ಆಗದಿದ್ದರೆ ಬ್ಲೆಂಡರ್‌ನ ಜಿಯೊಮೆಟ್ರಿ ನೋಡ್ಸ್ ಇದೆ, ಫ್ರೀಕ್ಯಾಡ್ ಇದೆ. ಎರಡೂ ಸಂಪೂರ್ಣ ಉಚಿತ. ಡಬ್ಬಿಗಳ ಹೆಸರು ಬೇರೆಯಾದರೂ ಯೋಚಿಸುವ ಕ್ರಮ ಒಂದೇ.

ಇಂಗ್ಲಿಷ್‌ನ ಅಂಜಿಕೆಯ ಬಗ್ಗೆಯೂ ಹೇಳಬೇಕು. ನಾನು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಎರರ್ ಮೆಸೇಜ್ ಕಂಡರೆ ಓದದೆಯೇ ಮುಚ್ಚಿಬಿಡುತ್ತಿದ್ದೆ. ಈಗ ಅದನ್ನು ನೋಟ್‌ಬುಕ್‌ನಲ್ಲಿ ಬರೆದು, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆಯುತ್ತೇನೆ. ಬರುವ ಸಂದೇಶಗಳು ಬಹಳವೇನಿಲ್ಲ, ಅವೇ ಮತ್ತೆ ಮತ್ತೆ ಬರುತ್ತವೆ. ಸೀನಿಯರ್ ಅಕ್ಕಂದಿರ ಹತ್ತಿರ ಹೋದಾಗಲೂ ‘ವರ್ಕ್ ಆಗ್ತಿಲ್ಲ ಅಕ್ಕಾ’ ಎನ್ನುವುದನ್ನು ಬಿಟ್ಟಿದ್ದೇನೆ. ಏನು ಬೇಕಿತ್ತು, ಏನು ಬಂತು, ಎಲ್ಲಿಯವರೆಗೆ ಸರಿ ಇದೆ ಎಂದು ಬರೆದುಕೊಂಡು ಹೋಗುತ್ತೇನೆ. ಎಷ್ಟೋ ಸಲ ಹಾಗೆ ಬರೆಯುವಾಗಲೇ ಉತ್ತರ ಸಿಕ್ಕಿ, ಹೋಗುವ ಅಗತ್ಯವೇ ಬೀಳುವುದಿಲ್ಲ.

ಕೊನೆಯದಾಗಿ ನಮ್ಮ ಅಧ್ಯಾಪಕರಲ್ಲಿ ಒಂದು ವಿನಂತಿ. ಲ್ಯಾಬ್‌ನಲ್ಲಿ ಸಮಯ ಕಡಿಮೆ, ವಿದ್ಯಾರ್ಥಿಗಳು ಹೆಚ್ಚು ಎಂಬುದು ನಮಗೂ ಗೊತ್ತು. ಆದರೂ ವೈವಾದಲ್ಲಿ ಪ್ರಿಂಟ್ ನೋಡಿ ಅಂಕ ಕೊಡುವ ಬದಲು, ಒಂದೇ ಒಂದು ಸಂಖ್ಯೆ ಬದಲಿಸಿ ತೋರಿಸಲು ಹೇಳಿ. ಎರಡು ನಿಮಿಷ ಸಾಕು. ಯಾರು ನಿಯಮ ಬರೆದಿದ್ದಾರೆ, ಯಾರು ಫೈಲ್ ನಕಲು ಮಾಡಿದ್ದಾರೆ ಎಂದು ಅಲ್ಲೇ ಗೊತ್ತಾಗುತ್ತದೆ. ಕೆಟ್ಟುಹೋದರೆ ಅಂಕ ಕಳೆಯಬೇಡಿ. ಏಕೆ ಕೆಟ್ಟಿತೆಂದು ಹುಡುಕಿ ಹೇಳಿದವರಿಗೆ ಅಂಕ ಕೊಡಿ. ಆ ಪ್ರಶ್ನೆಯನ್ನು ಮೊದಲ ಸಲ ಸಂದರ್ಶನದ ಕೋಣೆಯಲ್ಲಿ ಕೇಳಿಸಿಕೊಳ್ಳುವುದಕ್ಕಿಂತ ನಿಮ್ಮ ಬಾಯಲ್ಲಿ ಕೇಳಿಸಿಕೊಳ್ಳುವುದು ನಮಗೆ ಒಳ್ಳೆಯದು.

ಮುಂದಿನ ತಿಂಗಳು ಇನ್ನೊಂದು ಕಡೆ ಸಂದರ್ಶನವಿದೆ. ನಕ್ಷತ್ರವನ್ನು ಮೊದಲಿನಿಂದ ಮತ್ತೆ ಕಟ್ಟಿದ್ದೇನೆ. ಈಗ 4 ಇಟ್ಟರೆ ಸೋಮನಾಥಪುರದಂತೆ 16 ಮೊನೆ, 6 ಇಟ್ಟರೆ ಡಂಬಳದಂತೆ 24 ಮೊನೆ ಬರುತ್ತವೆ. ಎರಡನ್ನೂ ಪ್ರಿಂಟ್ ಹಾಕಿಸಿ ಅಪ್ಪನಿಗೆ ಕೊಟ್ಟು ಬಂದಿದ್ದೇನೆ. ಈ ಸಲ ನಾನೂ ಅಳೆದೇ ಕೊಟ್ಟಿದ್ದೇನೆ.