ಬೆವರು ಬೇಕು, ಹೆಸರು ಬೇಡ

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಮಂದಿ ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು. ಅವರಲ್ಲಿ ಹಲವರಿಗೆ ದಾರಿಯುದ್ದಕ್ಕೂ ಕೈಗೆ ಕೋಳ ತೊಡಿಸಿದ್ದರೆಂದು ಕೇಳಿ ನಾಲ್ಕು ದಿನ ನಮ್ಮವರ ರಕ್ತ ಕುದಿಯಿತು. ಐದನೆಯ ದಿನ ಬೇರೊಂದು ಮಾತು ಕಿವಿಗೆ ಬೀಳತೊಡಗಿತು. ಮಗನನ್ನೋ ಮಗಳನ್ನೋ ಕ್ಯಾಲಿಫೋರ್ನಿಯಕ್ಕೆ ಕಳುಹಿಸಿರುವ ಬಸವನಗುಡಿ, ಜಯನಗರದ ಮನೆಗಳಲ್ಲಿ ಕಾಫಿಯ ಜೊತೆಗೆ ಬರುವ ಮಾತು ಅದು: "ನಮ್ಮ ಹುಡುಗ ಸರದಿಯಲ್ಲಿ ನಿಂತು ಹೋದವನು. ಇವರು ಬೇಲಿ ಹಾರಿದವರು. ಕಾನೂನು ಕಾನೂನೇ."

ಮಾತು ಸಭ್ಯವಾಗಿದೆ, ಕೇಳುವುದಕ್ಕೆ ನ್ಯಾಯವಾಗಿಯೂ ಇದೆ. ಯಾವ ದೇಶಕ್ಕಾದರೂ ತನ್ನ ಬಾಗಿಲು ಕಾಯುವ ಹಕ್ಕು ಇದ್ದೇ ಇದೆ. ಅದನ್ನು ಅಲ್ಲಗಳೆಯುವ ಪಂಗಡಕ್ಕೆ ನಾನು ಸೇರಿದವನಲ್ಲ. ಆದರೆ ಮುಂಬಾಗಿಲಿಗೆ ಬೀಗ ಜಡಿದು, ಹಿತ್ತಲ ಬಾಗಿಲನ್ನು ತಾನೇ ಓರೆಮಾಡಿಟ್ಟು, ಒಳಗೆ ಬಂದವನಿಂದ ಕೊಯ್ಲು ಮಾಡಿಸಿಕೊಂಡು, ಸುಗ್ಗಿ ಮುಗಿದ ಮೇಲೆ "ಕಳ್ಳ, ಕಳ್ಳ" ಎಂದು ಕೂಗುವ ಗೃಹಸ್ಥನನ್ನು ಏನೆಂದು ಕರೆಯಬೇಕು? ಅಮೆರಿಕದ ವಲಸೆ ನೀತಿ ಕಠಿಣವಾದುದೆಂದು ನನ್ನ ದೂರಲ್ಲ; ಕಪಟವಾದುದೆಂದು ದೂರು.

ಸಾಕ್ಷ್ಯ ಅವರ ಕಾಯಿದೆಯ ಪುಸ್ತಕದಲ್ಲಿಯೇ ಇದೆ. ರಹದಾರಿಯಿಲ್ಲದೆ ಬಂದವನಿಗೆ ಆಶ್ರಯ ಕೊಡುವುದು, ಅವನನ್ನು ಬಚ್ಚಿಡುವುದು ಐದು ವರ್ಷದವರೆಗೆ ಸೆರೆವಾಸಕ್ಕೆ ತಕ್ಕ ಅಪರಾಧವೆಂದು 1952ರಲ್ಲಿ ಅವರ ಕಾಂಗ್ರೆಸ್ಸು ವಿಧಿಸಿತು. ಸರಿ. ಅದರ ಬಾಲಕ್ಕೆ ಒಂದು ವಿನಾಯಿತಿಯನ್ನೂ ಅಂಟಿಸಿತು: ಅಂಥವನಿಗೆ ಕೆಲಸ ಕೊಟ್ಟರೆ ಅದು ಆಶ್ರಯ ಕೊಟ್ಟಂತಾಗುವುದಿಲ್ಲ! ಇದಕ್ಕೆ 'ಟೆಕ್ಸಾಸ್ ವಿನಾಯಿತಿ' ಎಂದೇ ಹೆಸರಾಯಿತು. ಯಾರ ಹಿತಕ್ಕಾಗಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸಿದು ಬಂದ ಮೆಕ್ಸಿಕೋದವನನ್ನು ಕನಿಕರದಿಂದ ಮನೆಯಲ್ಲಿ ಬಚ್ಚಿಟ್ಟ ಮುದುಕಿ ಅಪರಾಧಿ. ಅದೇ ಮನುಷ್ಯನಿಂದ ಹಗಲೆಲ್ಲ ಹತ್ತಿ ಬಿಡಿಸಿಕೊಂಡ ಜಮೀನುದಾರ ನಿರ್ದೋಷಿ. ಈ ಏರ್ಪಾಡು 34 ವರ್ಷ ನಡೆಯಿತು. 1986ರ ಕಾಯಿದೆ ಸುಮಾರು 27 ಲಕ್ಷ ಜನಕ್ಕೆ ನೆಲೆಸುವ ಹಕ್ಕು ಕೊಟ್ಟಿತು. ಅದನ್ನು ಮೆಚ್ಚಲೇಬೇಕು. ಧಣಿಯನ್ನೂ ದಂಡನೆಗೆ ಗುರಿಮಾಡಿತು. ಆದರೆ ತಿಳಿದೂ ತಿಳಿದು ಕೆಲಸ ಕೊಟ್ಟಿದ್ದರೆ ಮಾತ್ರ. ಆಳು ತೋರಿಸಿದ ಕಾಗದ ಮೇಲ್ನೋಟಕ್ಕೆ ಸಾಚಾ ಎನಿಸಿದರೆ ಸಾಕು, ಧಣಿ ಪಾರು. ಸುಳ್ಳು ಕಾಗದ ಮಾರುವವರ ವ್ಯಾಪಾರ ಕುದುರಿತು.

ಇನ್ನೂ ಹಿಂದಕ್ಕೆ ಹೋಗಬಹುದು. ಯುದ್ಧಕಾಲದಲ್ಲಿ ಆಳು ಸಾಲದೆ 1942ರಲ್ಲಿ ಅಮೆರಿಕ ಸರಕಾರ ಮೆಕ್ಸಿಕೋದೊಡನೆ ಒಪ್ಪಂದ ಮಾಡಿಕೊಂಡು ಕೂಲಿಗಳನ್ನು ತಾನೇ ಕರೆತಂದಿತು. 'ಬ್ರಸೇರೋ' ಎಂದು ಅವರಿಗೆ ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ 'ಬ್ರಾಸೋ' ಎಂದರೆ ತೋಳು. ತೋಳನ್ನು ಕರೆದರು, ತೋಳಿನ ಹಿಂದೆ ಹೆಂಡತಿ ಮಕ್ಕಳು ಇರುತ್ತಾರೆಂಬುದು ಒಪ್ಪಂದಕ್ಕೆ ಸೇರಿದ ವಿಷಯವಾಗಿರಲಿಲ್ಲ. 1954ರಲ್ಲಿ ಒಂದು ಕಡೆ ಮೆಕ್ಸಿಕೋದವರನ್ನು ಹಿಡಿಹಿಡಿದು ಗಡಿಯಾಚೆ ತಳ್ಳುತ್ತಿದ್ದಾಗ, ಇನ್ನೊಂದು ಕಡೆ ಅದೇ ವರ್ಷ ಮೂರು ಲಕ್ಷ ಬ್ರಸೇರೋಗಳಿಗೆ ಕರಾರು ಬರೆದುಕೊಡುತ್ತಿದ್ದರು. 1964ಕ್ಕೆ ಒಪ್ಪಂದ ಮುಗಿಯಿತು. ನಮ್ಮ ಡಾಕ್ಟರು, ಇಂಜಿನಿಯರುಗಳಿಗೆ ಬಾಗಿಲು ತೆರೆದ 1965ರ ಕಾಯಿದೆಯೇ ಅಮೆರಿಕ ಖಂಡಗಳಿಂದ ಬರುವವರಿಗೆ ಮೊದಲ ಬಾರಿಗೆ ವರ್ಷಕ್ಕೆ 1,20,000ರ ಮಿತಿ ಹಾಕಿತು. ಹೊಲ ಅದೇ, ಧಣಿ ಅವನೇ, ಆಳೂ ಅವನೇ. ವಾಷಿಂಗ್ಟನ್ನಿನಲ್ಲಿ ಕಾಗದ ಬದಲಾಯಿತು, ಆಳು ಅಪರಾಧಿಯಾದ.

ಆ ಕಾಲದ ಒಂದು ಘಟನೆಯನ್ನು ಹೇಳದೆ ಮುಂದೆ ಹೋಗಲಾರೆ. 1948ರ ಜನವರಿ 28ರಂದು, 28 ಮಂದಿ ಹೊಲಗೆಲಸದವರನ್ನು ಗಡಿಯ ಕಡೆಗೆ ಸಾಗಿಸುತ್ತಿದ್ದ ವಿಮಾನ ಕ್ಯಾಲಿಫೋರ್ನಿಯದ ಲಾಸ್ ಗ್ಯಾಟೋಸ್ ಕಣಿವೆಯಲ್ಲಿ ಬಿದ್ದು ಎಲ್ಲರೂ ಸತ್ತರು. ಅವರಲ್ಲಿ ಕೆಲವರು ಕರಾರು ಮುಗಿದ ಬ್ರಸೇರೋಗಳು, ಎಂದರೆ ಸರಕಾರವೇ ಕರೆತಂದವರು. ಜೊತೆಗೆ ಸತ್ತ ನಾಲ್ವರು ಸಿಬ್ಬಂದಿಯ ಹೆಸರುಗಳು ದೊಡ್ಡ ಪತ್ರಿಕೆಗಳಲ್ಲಿ ಬಂದವು. ಇವರು ಬರಿಯ 'ಗಡಿಪಾರಾದವರು'. ವುಡಿ ಗಥ್ರಿ ಆ ಸಿಟ್ಟಿನಲ್ಲೇ ಹಾಡು ಬರೆದ. ಫ್ರೆಸ್ನೋದ ಸ್ಮಶಾನದಲ್ಲಿ ಅವರೆಲ್ಲರನ್ನೂ ಒಂದೇ ಸಮಾಧಿಯಲ್ಲಿ ಹೂಳಿದರು. ಹೆಸರು ಕೆತ್ತಿದ ಕಲ್ಲು ಅಲ್ಲಿ ನಿಂತದ್ದು 2013ರಲ್ಲಿ, 65 ವರ್ಷದ ಮೇಲೆ.

ಇನ್ನು ಸರದಿಯ ಮಾತು. ಹೊಲಗೆಲಸದವನು ನಿಲ್ಲಬೇಕಾದ ಸರದಿ ಎಲ್ಲಿದೆ? ಹೆಚ್ಚು ತರಬೇತಿ ಬೇಡದ ಕೆಲಸದವರಿಗೆ 1990ರ ಕಾಯಿದೆ ಗೊತ್ತುಮಾಡಿದ ಖಾಯಂ ನೆಲೆಯ ಚೀಟಿಗಳು ಇಡೀ ಭೂಮಂಡಲಕ್ಕೆ, ಹೆಂಡತಿ ಮಕ್ಕಳೂ ಸೇರಿ, ವರ್ಷಕ್ಕೆ ಹೆಚ್ಚೆಂದರೆ 10,000. ಎಚ್-2ಎ ಎಂಬ ತಾತ್ಕಾಲಿಕ ಬೇಸಾಯದ ರಹದಾರಿಗೆ ಮಿತಿಯಿಲ್ಲ, ನಿಜ. ಆದರೆ ಅದು ಕರೆಸಿಕೊಂಡ ಧಣಿಯ ಗೂಟಕ್ಕೆ ಕಟ್ಟಿದ ಹಗ್ಗ. ಕೂಲಿಗಾಗಿ ಜಗಳವಾಡಿದರೆ ಕೆಲಸವೂ ಹೋಯಿತು, ನಿಂತ ನೆಲವೂ ಹೋಯಿತು. ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುವ ನಮ್ಮ ಹುಡುಗರ ಕಷ್ಟ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಉದ್ದನೆಯ ಸರದಿಯಲ್ಲಿ ನಿಂತವನು, ಸರದಿಯೇ ಇಲ್ಲದವನನ್ನು "ನುಗ್ಗಿದೆ" ಎಂದು ಬಯ್ಯುವುದು ಯಾವ ನ್ಯಾಯ?

ನಮಗೂ ಒಂದು ಕಾಲದಲ್ಲಿ ಸರದಿ ಇರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸಮವಸ್ತ್ರ ತೊಟ್ಟಿದ್ದ ಭಗತ್ ಸಿಂಗ್ ಥಿಂಡ್ 'ಬಿಳಿಯ'ನಲ್ಲ, ಆದ್ದರಿಂದ ಪೌರನಾಗಲಾರ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದಾಗಲೇ ಪೌರರಾಗಿದ್ದ ಹತ್ತಾರು ಭಾರತೀಯರಿಂದಲೂ ಪೌರತ್ವ ಕಿತ್ತುಕೊಂಡರು. 1946ರಲ್ಲಿ ಮನಸ್ಸು ಕರಗಿದಾಗ ಇಡೀ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ 100 ಜಾಗ. ಆಗಲೂ ಕಾನೂನು ಕಾನೂನೇ ಆಗಿತ್ತು.

ಇದೆಲ್ಲ ಹಳೆಯ ಕತೆ ಎನ್ನುವವರಿದ್ದಾರೆ. 2020ರಲ್ಲಿ ಕೊರೋನಕ್ಕೆ ಅಂಜಿ ಊರೆಲ್ಲ ಬಾಗಿಲು ಹಾಕಿಕೊಂಡಾಗ ಹೊಲಗೆಲಸದವರು 'ಅತ್ಯಗತ್ಯ' ಎಂದು ಅಮೆರಿಕ ಸರಕಾರವೇ ಸಾರಿತು. ರಹದಾರಿಯಿಲ್ಲದ ಆಳುಗಳೂ ಹಾಗೆಂದು ಧಣಿ ಬರೆದುಕೊಟ್ಟ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಕೊಯ್ಲಿಗೆ ಹೋದರು. 2021-22ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆ ನಡೆಸಿದ ಸಮೀಕ್ಷೆಯಲ್ಲಿ ಬೆಳೆ ಕೆಲಸದವರ ಪೈಕಿ 100ಕ್ಕೆ 40ರಷ್ಟು ಜನ ಅಂಥವರು. ಇಲಾಖೆಗೆ ಲೆಕ್ಕ ಗೊತ್ತು, ಧಣಿಗೆ ಗೊತ್ತು, ಲೆಟಿಸ್ ಸೊಪ್ಪು ತಿನ್ನುವವನಿಗೂ ಗೊತ್ತು. 2025ರ ಜೂನ್‌ನಲ್ಲಿ ಹೊಲಗಳಲ್ಲಿ ಆಳುಗಳನ್ನು ಹಿಡಿಯತೊಡಗಿದಾಗ ಕೊಯ್ಲು ಕೆಡುತ್ತದೆಂಬ ದೂರು ಎದ್ದಿತು. ಹೊಲಗಳ ತಂಟೆಗೆ ಹೋಗಬೇಡಿರೆಂದು ಆಜ್ಞೆ ಹೊರಟಿತು. ಕೆಲವೇ ದಿನಗಳಲ್ಲಿ ಆ ಆಜ್ಞೆಯೂ ರದ್ದಾಯಿತು. ಆ ನಡುವಿನ ನಾಲ್ಕಾರು ದಿನ ಆ ಆಳುಗಳು ಬೇಲಿ ಹಾರಿದವರಾಗಿದ್ದರೋ ಅಲ್ಲವೋ, ಬಸವನಗುಡಿಯ ನನ್ನ ಮಿತ್ರರೇ ಹೇಳಬೇಕು.